ತೂಕದ ಚೀಟಿಯ ಚುಕ್ಕೆ

ಲೆಕ್ಕದ ಟೀಚರಿಗೆ ಅಂದು ಮೈಯೆಲ್ಲ ಉರಿಯುತ್ತಿತ್ತು. ಐದನೇ ತರಗತಿಯ ಚುರುಕು ಹುಡುಗಿ ಇಪ್ಪತ್ತು ದಿನದಿಂದ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ದಶಮಾಂಶದ ಪಾಠವೇ ಮುಗಿದುಹೋಗಿತ್ತು. ಸಂಜೆ ಸೀದಾ ಅವಳ ಮನೆಗೆ ನಡೆದರು.

ಹುಡುಗಿ ಒಂಬತ್ತು ತಿಂಗಳ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳ ತಾಯಿ ಹೊಲಿಗೆ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು. ಅಪ್ಪನೂ ಮನೆಯಲ್ಲೇ ಇದ್ದ; ಅವನು ಬಟ್ಟೆ ಅಂಗಡಿಯಲ್ಲಿ ಅಳತೆ ಹಾಕಿ ಬಟ್ಟೆ ಕತ್ತರಿಸುವವನು.

"ಇವಳನ್ನ ಯಾಕೆ ಮನೇಲಿ ಇಟ್ಕೊಂಡಿದ್ದೀರಿ? ದಶಮಾಂಶದ ಪಾಠವೇ ಮುಗಿದೋಯ್ತು!" ಎಂದರು ಟೀಚರ್.

"ಮಗು ನೋಡ್ಕೊಳ್ಳೋರು ಬೇಕಲ್ಲ ಟೀಚರ್. ಆ ಚುಕ್ಕೆ ಲೆಕ್ಕ ಕಲ್ತು ಯಾವ ರಾಜ್ಯ ಆಳ್ಬೇಕು ಇವಳು?" ಅಪ್ಪ ಆಸ್ಪತ್ರೆಯ ತೂಕದ ಚೀಟಿ ಚಾಚಿದ. "ನೋಡಿ, ಹೋದ ತಿಂಗಳು 7.5 ಕೇಜಿ. ನಿನ್ನೆ 7.25! ಅಕ್ಕ ನೋಡ್ಕೊಂಡಿದ್ದಕ್ಕೆ ಐದು ಇದ್ದದ್ದು ಇಪ್ಪತ್ತೈದಾಯ್ತು."

"ಪುಟ್ಟ ಹಾಲೇ ಕುಡಿಯಲ್ಲ ಟೀಚರ್," ಎಂದಳು ಹುಡುಗಿ ಮೆಲ್ಲಗೆ.

"ನೀನು ಸುಮ್ನಿರು!" ಎಂದ ಅಪ್ಪ.

ಟೀಚರ್ ಚೀಟಿ ನೋಡಿದರು, ಮಗುವಿನ ಸಣಕಲು ತೋಳು ನೋಡಿದರು. ಸಿಟ್ಟು ನೆತ್ತಿಗೇರಿತು.

"7.5 ಅಂದ್ರೆ ಏಳೂವರೆ. 7.25 ಅಂದ್ರೆ ಏಳೂಕಾಲು. ಏಳೂವರೆ ಮೀಟರ್ ಕೇಳಿದವರಿಗೆ ಏಳೂಕಾಲು ಕತ್ತರಿಸಿ ಕೊಟ್ಟು, ಜಾಸ್ತಿನೇ ಕೊಟ್ಟೆ ಅಂತೀರಾ? ಮಗು ಕಾಲು ಕೇಜಿ ಇಳಿದಿದೆ ಸ್ವಾಮಿ!"

ಅಪ್ಪನ ಮುಖ ಸಪ್ಪಗಾಯಿತು. "ತೂಕ ಹಾಕಿದೋರು ಏನೂ ಹೇಳ್ಲಿಲ್ಲ. ಬರೆದುಕೊಟ್ಟು, ಮುಂದಿನವರು ಬನ್ನಿ ಅಂದ್ರು."

"ಅವರಿಗೂ ನಾಳೆ ಇದೆ ನನ್ನ ಕೈಲಿ! ಮೊದ್ಲು ಹೊರಡಿ!"

ತಾಯಿ ಆಗಲೇ ಮಗುವನ್ನು ಕಿತ್ತುಕೊಂಡು ಚಪ್ಪಲಿ ಮೆಟ್ಟಿದ್ದಳು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ತಿಳಿಯಿತು, ಮಗುವಿಗೆ ಮೂತ್ರದ ಸೋಂಕು. "ಇನ್ನೊಂದು ತಿಂಗಳು ಹೀಗೇ ಖುಷಿಪಡ್ತಾ ಕೂತಿದ್ರೆ ಮಗು ಕೈಗೆ ಸಿಗ್ತಿರ್ಲಿಲ್ಲ," ಎಂದು ಡಾಕ್ಟರೂ ಗದರಿದರು.

ಔಷಧಿ ನಾಟಿತು. ಮಗು ಹಾಲು ಕುಡಿಯತೊಡಗಿತು. ಅದನ್ನು ನೋಡಿಕೊಳ್ಳಲು ಪಕ್ಕದ ಮನೆಯ ಅಜ್ಜಿ ಒಪ್ಪಿದರು. ಸೋಮವಾರ ಅಪ್ಪನೇ ಮಗಳ ಚೀಲ ಹೊತ್ತು ಶಾಲೆಗೆ ಬಂದ.

"ತಪ್ಪಾಯ್ತು ಟೀಚರ್. ಇನ್ನು ಒಂದು ದಿನಾನೂ ತಪ್ಪಿಸಲ್ಲ."

ಟೀಚರ ಸಿಟ್ಟು ಮಾತ್ರ ಇಳಿಯಲಿಲ್ಲ. ಆ ಪಾಠ ಕೇಳಿದ್ದರೆ ಹುಡುಗಿಯೇ ಚೀಟಿ ಓದಿ, ಅದು ಕೈಗೆ ಬಂದ ದಿನವೇ ಹೇಳುತ್ತಿದ್ದಳು.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವಿನ ತೂಕದ ಚೀಟಿ ಈಗಲೇ ತೆಗೆಯಿರಿ. ಹೋದ ತಿಂಗಳ ಮತ್ತು ಈ ತಿಂಗಳ ತೂಕದಲ್ಲಿ ಚುಕ್ಕೆಗೆ ಮೊದಲಿನ ಸಂಖ್ಯೆ ಒಂದೇ ಆಗಿದ್ದರೆ, ಚುಕ್ಕೆಯ ನಂತರದ ಮೊದಲ ಅಂಕಿ ನೋಡಿ; ಈ ತಿಂಗಳು ಅದು ಚಿಕ್ಕದಾಗಿದ್ದರೆ ತೂಕ ಇಳಿದಿದೆ. ತೂಕ ಇಳಿದಿದ್ದರೆ ಇವತ್ತೇ ಡಾಕ್ಟರ ಬಳಿ ಹೋಗಿ. ಗೊತ್ತಾಗದಿದ್ದರೆ ಶಾಲೆಗೆ ಹೋಗುವ ನಿಮ್ಮ ಮಗಳ ಕೈಗೆ ಕೊಟ್ಟು ಓದಿಸಿ. ಅವಳು ಓದಬೇಕಾದರೆ ಅವಳನ್ನು ಶಾಲೆಗೆ ಕಳಿಸಿ.