ಎಲ್ಲರೂ ನಾಲಿಗೆ ಚಾಚಿ

ಮೊಮ್ಮಗುವನ್ನು ಎತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದ ಅಕ್ಕ, ಕುರ್ಚಿಯಲ್ಲಿ ಕೂರುವ ಮೊದಲೇ ತೀರ್ಪು ಕೊಟ್ಟುಬಿಟ್ಟಳು. "ನಮ್ಮನೆ ಹೆಂಗಸರಿಗೆ ಹಾಲೇ ಕಡಿಮೆ ಕಣೆ. ನನಗೂ ಇರಲಿಲ್ಲ, ಇವಳಿಗೂ ಇಲ್ಲ. ಯಾವ ಡಬ್ಬಿ ಹಾಲು ಒಳ್ಳೇದು, ಅಷ್ಟು ಹೇಳು ಸಾಕು."

ಹಿಂದೆ ಅವಳ ಮಗಳು, ಅಂದರೆ ಮಗುವಿನ ತಾಯಿ, ನಿಂತಿದ್ದಳು. ಮಗುವಿನ ತೂಕ ಏರುತ್ತಿರಲಿಲ್ಲ. ತನ್ನ ಹಾಲೇ ಕುಡಿಸಬೇಕೆಂಬ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಮುಖದಲ್ಲೇ ಇತ್ತು. ನನಗೆ ಮೈ ಉರಿಯಿತು. ನಾನು ಮಕ್ಕಳ ಹಲ್ಲಿನ ಡಾಕ್ಟರು. ನಾಲಿಗೆಯ ತಪ್ಪನ್ನು ಹಾಲಿನ ತಲೆಗೆ ಕಟ್ಟುವುದನ್ನು ಎಷ್ಟು ಸಲ ನೋಡಿಲ್ಲ.

"ಮೊದಲು ಕುಡಿಸು, ನೋಡೋಣ," ಎಂದೆ.

ಮಗು ಮೊಲೆ ಹಿಡಿಯಿತು, ಜಾರಿತು, ಲೊಚಲೊಚ ಸದ್ದು ಮಾಡುತ್ತಾ ಗಾಳಿ ನುಂಗಿತು. ತಾಯಿ ನೋವಿಗೆ ಹಲ್ಲು ಕಚ್ಚಿದಳು. ಬಾಯೊಳಗೆ ಬೆರಳಿಟ್ಟು ನೋಡಿದೆ. ಕೆಲವು ಮಕ್ಕಳಿಗೆ ಮೇಲ್ದುಟಿಯೂ ಒಸಡಿಗೆ ಬಿಗಿದಿರುತ್ತದೆ; ಇದರದು ಸರಾಗವಾಗಿ ಏಳುತ್ತಿತ್ತು, ಅದರ ತಂಟೆಗೆ ಹೋಗಬೇಕಿರಲಿಲ್ಲ. ನಾಲಿಗೆಯ ತುದಿಯನ್ನು ಮಾತ್ರ ಗಿಡ್ಡನೆಯ ಬಿಗಿ ಪೊರೆಯೊಂದು ಕೆಳಕ್ಕೆ ಹಿಡಿದಿತ್ತು.

ಆಮೇಲೆ ನನ್ನ ಹಳೇ ಪದ್ಧತಿ. ಇದು ವಂಶದಲ್ಲಿ ಬರುವುದುಂಟು, ಅದಕ್ಕೇ ಮನೆಯವರ ಬಾಯನ್ನೂ ನೋಡುತ್ತೇನೆ. "ಈಗ ನೀವಿಬ್ಬರೂ ನಾಲಿಗೆ ಚಾಚಿ."

"ನನ್ನ ನಾಲಿಗೆ ಉದ್ದ ಅಂತ ಊರಿಗೇ ಗೊತ್ತು," ಎನ್ನುತ್ತಾ ಅಕ್ಕ ಗಲ್ಲದವರೆಗೆ ಚಾಚಿದಳು. ಮಗಳದು ಕೆಳದುಟಿಯನ್ನೂ ದಾಟಲಿಲ್ಲ. ತುದಿಯ ನಡುಭಾಗ ಒಳಕ್ಕೆ ಎಳೆದುಕೊಂಡಿತ್ತು. ಅದಿರಲಿ, ಮೊದಲು ಮಗುವಿನ ಕೆಲಸ ಆಗಬೇಕಿತ್ತು.

ಮಗುವಿನ ನಾಲಿಗೆ ಬಿಗಿದಿದ್ದ ಪೊರೆಯನ್ನು ಇಬ್ಬರಿಗೂ ತೋರಿಸಿದೆ; ತಾಯಿ ಹೂಂ ಅಂದ ಮೇಲೆ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಾಲಿಗೆ ಎತ್ತಿ ಹಿಡಿದು, ಆ ಪೊರೆಗೆ ಕತ್ತರಿ ಆಡಿಸಿದೆ. ಕೈ ಪಳಗಿದೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು. ಚೂರು ರಕ್ತ, ದೊಡ್ಡ ರಂಪ. ಊರಿಗೆಲ್ಲ ಬುದ್ಧಿ ಹೇಳುವ ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಅಳುತ್ತಿದ್ದ ಮಗುವನ್ನು ತಾಯಿಯ ಎದೆಗೆ ಕೊಟ್ಟೆ. ಈ ಸಲ ಲೊಚಲೊಚ ಇಲ್ಲ. ಗುಟುಕು ಗುಟುಕಾಗಿ ನುಂಗತೊಡಗಿತು, ಕಟವಾಯಿಯಿಂದ ಹಾಲು ಇಳಿಯಿತು.

"ನೋಯ್ತಿಲ್ಲ ಚಿಕ್ಕಮ್ಮ," ಎಂದಳು ತಾಯಿ.

ಅಕ್ಕ ಮಾತ್ರ ಮಗಳ ಬಾಯನ್ನೇ ನೋಡುತ್ತಿದ್ದಳು. "ನೀನು ಇನ್ನೊಂದ್ಸಲ ನಾಲಿಗೆ ಚಾಚು," ಎಂದಳು. ಮಗಳು ಚಾಚಿದಳು. ಅಕ್ಕ ಬಗ್ಗಿ ಆ ತುದಿಯನ್ನು ನೋಡಿ ನನ್ನ ಕಡೆ ತಿರುಗಿದಳು.

"ಹಾಗಾದ್ರೆ ಅವತ್ತು ನನಗೆ..."

"ಹಾಲಿತ್ತು ಅಕ್ಕ. ಇವಳಿಗೆ ಚೀಪೋಕೆ ಆಗ್ತಿರಲಿಲ್ಲ, ಅಷ್ಟೆ."

ಇಷ್ಟು ವರ್ಷ ಆ ಮಾತು ನನಗೂ ಹೊಳೆದಿರಲಿಲ್ಲ. ಅಕ್ಕ ಮೊಮ್ಮಗುವಿನ ಗಲ್ಲಕ್ಕೆ ಇಳಿದಿದ್ದ ಹಾಲನ್ನು ಬೆರಳಿಂದ ಒರೆಸಿ, ಆ ಬೆರಳನ್ನೇ ನೋಡುತ್ತಾ ಕೂತಳು.