ಗಾಡಿ ಅದೇ, ವಿಮೆ ಯಾಕೆ ಬೇರೆ?

ಹುಬ್ಬಳ್ಳಿ ಹತ್ತಿರದ ಸುಳ್ಳ ಗ್ರಾಮದ ಗುರುಶಿದ್ದಪ್ಪನ ಪಡಸಾಲೆಯಲ್ಲಿ, ಬಾಗಿಲಿನ ಬಲಕ್ಕೆ ಒಂದು ಮೊಳೆ ಇದೆ. ಅವನ ಬೈಕಿನ ಚಾವಿ ಅದಕ್ಕೆ ತೂಗುತ್ತಿತ್ತು. ಓಣಿಯಲ್ಲಿ ಯಾರಿಗೆ ಹುಬ್ಬಳ್ಳಿಯ ಕೆಲಸ ಬಿದ್ದರೂ ಬಂದು, ಗಾಡಿ ಒಯ್ಯುತ್ತೇನೆ ಅಂತ ಒಂದು ಮಾತು ಹೇಳಿ ಚಾವಿ ತೆಗೆದುಕೊಂಡು ಹೋಗುತ್ತಿದ್ದರು. ಕೆಲವರು ಆ ಮಾತನ್ನೂ ಹೇಳುತ್ತಿರಲಿಲ್ಲ. ಗುರುಶಿದ್ದಪ್ಪನಿಗೆ ಇದರಲ್ಲಿ ಹೆಮ್ಮೆ ಇತ್ತು. ಚಾವಿಯನ್ನು ಒಳಗೆ ಮುಚ್ಚಿಡುವವನ ಮನಸ್ಸು ಸಣ್ಣದು ಎಂದು ಅವನು ತಿಳಿದಿದ್ದ.

2005ರ ಬೇಸಿಗೆಯಲ್ಲಿ ಅವನು ಆ ಬೈಕನ್ನು ತಮ್ಮನ ಮಗ ಮುತ್ತುವಿಗೆ ಕೊಡಲು ಒಪ್ಪಿದ. ಹತ್ತಿ ಮಾರಿದ ಮೇಲೆ ತನಗೆ ಹೊಸದೊಂದು ತರುವ ಯೋಚನೆ ಅವನದು. ಮುತ್ತುವಿಗೆ ಹತ್ತೊಂಬತ್ತು ವರ್ಷ. ಐಟಿಐ ಮುಗಿಸಿದ್ದ. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಊರೂರು ತಿರುಗಿ ರೈತರ ಪಂಪು ರಿಪೇರಿ ಮಾಡುವ ಕೆಲಸ. ಅಂಗಡಿಯವರದು ಒಂದೇ ಷರತ್ತು: ಕೈಯಲ್ಲಿ ಗಾಡಿ ಇರಬೇಕು, ಅದರ ಕಾಗದಪತ್ರ ಸರಿ ಇರಬೇಕು. ಮುಂದಿನ ತಿಂಗಳ ಮೊದಲ ತಾರೀಖಿಗೆ ತೋರಿಸದಿದ್ದರೆ ಕೆಲಸ ಇನ್ನೊಬ್ಬನಿಗೆ.

ಲೈಸೆನ್ಸ್ ಮುತ್ತು ಆಗಲೇ ಮಾಡಿಸಿಕೊಂಡಿದ್ದ. ಮೊದಲು ಕಲಿಯುವವರ ಲೈಸೆನ್ಸ್ ತೆಗೆಸಿ, ಗಾಡಿಗೆ ಕೆಂಪು 'ಎಲ್' ಅಂಟಿಸಿಕೊಂಡು ಕಲಿತ. ಮೊದಲ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಸುತ್ತುವಾಗ ಕಾಲು ನೆಲಕ್ಕೆ ತಾಗಿ ಫೇಲಾದ. ಎಂಟು ಬರೆಯುವುದನ್ನು ಒಂದನೇ ಇಯತ್ತೆಯಲ್ಲೇ ಕಲಿಯಬೇಕಿತ್ತು ಎಂದು ದೊಡ್ಡಪ್ಪ ಊರ ತುಂಬ ಹೇಳಿ ನಗಿಸಿದ್ದ. ಎರಡನೇ ಸಲ ಮುತ್ತು ಪಾಸಾದ.

ಉಳಿದದ್ದು ವಿಮೆ. ಬೈಕಿನ ವಿಮೆ ಅದೇ ತಿಂಗಳು ಮುಗಿಯುತ್ತಿತ್ತು. ಮುತ್ತು ಹುಬ್ಬಳ್ಳಿಗೆ ಹೋಗಿ ಸುಮಲತಾಳನ್ನು ಕೇಳಿದ. ಸುಮಲತಾ ಅಂದರೆ ಗುರುಶಿದ್ದಪ್ಪನ ಹೆಂಡತಿ ದೇವಕ್ಕನ ಅಕ್ಕನ ಮಗಳು. ವಿಮಾ ಏಜೆಂಟ್. ಈ ಬೈಕಿಗೆ ಪ್ರತಿವರ್ಷ ವಿಮೆ ಮಾಡಿಸುತ್ತಿದ್ದವಳೂ ಅವಳೇ. ಗಾಡಿ ಮುತ್ತುವಿನ ಹೆಸರಿಗಾದರೆ ದೊಡ್ಡಪ್ಪ ಕಟ್ಟುತ್ತಿದ್ದುದಕ್ಕಿಂತ ಹೆಚ್ಚು ಕಟ್ಟಬೇಕಾಗುತ್ತದೆ ಎಂದು ಅವಳು ಹೇಳಿದಳು.

ಮುತ್ತು ಮನೆಗೆ ಬಂದು ಇದನ್ನು ತಿಳಿಸಿದ. ಗುರುಶಿದ್ದಪ್ಪ ಕೈಯಲ್ಲಿದ್ದ ಎಲೆ ಅಡಿಕೆ ಕೆಳಗಿಟ್ಟ.

"ಅದ ಗಾಡಿ, ಅದ ರಸ್ತಾ, ಅದ ಕಂಪನಿ. ಹೊಡಿಯಾವ ಒಬ್ಬ ಬದಲಾದ್ರ ರೊಕ್ಕ ಯಾಕ ಜಾಸ್ತಿ? ಹುಡುಗ ಅಂತ ನೋಡಿ ಟೋಪಿ ಹಾಕಾಕತ್ತಾಳ ನಿಮ್ಮ ಅಕ್ಕನ ಮಗಳು."

ದೇವಕ್ಕನಿಗೆ ಮಾತು ಚುಚ್ಚಿತು. ಆದರೆ ಅವಳಿಗೂ ಅದು ಅರ್ಥವಾಗಿರಲಿಲ್ಲ. ಗಾಡಿ ಅದೇ ಆಗಿರುವಾಗ ವಿಮೆ ಬದಲಾಗುವುದು ಹೇಗೆ?

"ಟೋಪಿ ಹಾಕಿದ್ರ ನಾನ ಕೇಳ್ತೇನಿ," ಅಂದಳು. "ಹಾಕಿಲ್ಲಂದ್ರ ನೀವು ಅಕಿಗೆ ಹೇಳಬೇಕು, ತಪ್ಪಾತು ಅಂತ."

ಭಾನುವಾರ ಊಟಕ್ಕೆ ಬಾ ಎಂದು ಸುಮಲತಾಳಿಗೆ ಹೇಳಿ ಕಳಿಸಿದರು. ಅವಳು ತನ್ನ ಸ್ಕೂಟಿಯ ಮೇಲೆ, ಉರಿಬಿಸಿಲಲ್ಲೂ ಹೆಲ್ಮೆಟ್ ಹಾಕಿಕೊಂಡು ಬಂದಳು.

"ಏನವಾ, ಕೊಡಾ ಹೊತ್ಕೊಂಡು ಬಂದಿ?" ಅಂದ ಗುರುಶಿದ್ದಪ್ಪ.

"ಖಾಲಿ ಕೊಡಾ ಅಲ್ಲ ಬಿಡ್ರಿ ಕಾಕಾ," ಅಂದಳು ಅವಳು.

ರೊಟ್ಟಿ ಊಟ ಮುಗಿಯುವ ತನಕ ಯಾರೂ ವಿಷಯ ಎತ್ತಲಿಲ್ಲ. ಕೈ ತೊಳೆದ ಮೇಲೆ ದೇವಕ್ಕನೇ ನೇರವಾಗಿ ಕೇಳಿದಳು. ಸುಮಲತಾ ಸಿಟ್ಟಾಗಲಿಲ್ಲ. ಈ ಪ್ರಶ್ನೆಯನ್ನು ವಾರಕ್ಕೊಬ್ಬರಾದರೂ ಕೇಳುತ್ತಾರೆ, ಕೇಳದೆ ಮನಸ್ಸಿನಲ್ಲೇ ಬೈದುಕೊಳ್ಳುವವರು ಇನ್ನೂ ಹೆಚ್ಚು ಎಂದಳು.

ಅವಳು ಹೇಳಿದ್ದು ಇಷ್ಟು. ವಿಮೆಯಲ್ಲಿ ಎರಡು ಭಾಗ. ಒಂದು, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಇದಕ್ಕೆ ಥರ್ಡ್ ಪಾರ್ಟಿ ಅನ್ನುತ್ತಾರೆ. ಕಾನೂನು ಪ್ರಕಾರ ಇದು ಎಲ್ಲರಿಗೂ ಬೇಕೇಬೇಕು. ಇದರ ದರ ಎಂಜಿನ್ನಿನ ಗಾತ್ರ ನೋಡಿ ನಿಗದಿಯಾಗುತ್ತದೆ. ಗಾಡಿ ಹೊಡೆಯುವವನು ಮುದುಕನೋ ಹುಡುಗನೋ ಎಂದು ಇಲ್ಲಿ ನೋಡುವುದಿಲ್ಲ. ಇನ್ನೊಂದು ಭಾಗ ನಮ್ಮದೇ ಗಾಡಿಯ ನಷ್ಟಕ್ಕೆ. ವರ್ಷವಿಡೀ ಪರಿಹಾರ ಕೇಳದೆ ಇದ್ದವರಿಗೆ ಮರುವರ್ಷ ಈ ಭಾಗದಲ್ಲಿ ರಿಯಾಯಿತಿ. ವರ್ಷ ಕಳೆದಂತೆ ಅದು ಏರುತ್ತ ಅರ್ಧದವರೆಗೂ ಹೋಗುತ್ತದೆ. ಗುರುಶಿದ್ದಪ್ಪ ಅರ್ಧಕ್ಕೆ ಮುಟ್ಟಿದ್ದ.

"ನಾ ಏನ್ ಮಾಡೇನಿ ಅಂತ ಕೊಟ್ರು?" ಅಂದ ಅವನು. ಅವನಿಗೇ ಇದು ಗೊತ್ತಿರಲಿಲ್ಲ.

"ಏನೂ ಮಾಡಿಲ್ಲ. ಅದಕ್ಕ ಕೊಟ್ರು."

ಹಿಂದೊಮ್ಮೆ ಎಮ್ಮೆ ಹಾಯ್ದು ಬೈಕಿನ ಕನ್ನಡಿ ಒಡೆದದ್ದನ್ನು ದೇವಕ್ಕ ನೆನಪಿಸಿದಳು. ಆಗ ಸುಮಲತಾ ವಿಮಾ ಕಚೇರಿಗೆ ಬರಹೇಳಿದರೂ ಅಲ್ಲಿ ಸರದಿ ನಿಲ್ಲುವವರು ಯಾರು ಎಂದು ಗುರುಶಿದ್ದಪ್ಪ ಹಳೇ ಹುಬ್ಬಳ್ಳಿಯ ಗುಲಾಬಸಾಬನ ಗ್ಯಾರೇಜಿನಲ್ಲಿ ಸ್ವಂತ ಖರ್ಚಿನಲ್ಲಿ ಹೊಸ ಕನ್ನಡಿ ಹಾಕಿಸಿದ್ದ. ಒಂದು ಕನ್ನಡಿಗಾಗಿ ಪರಿಹಾರ ಕೇಳಿದ್ದರೆ ಅಷ್ಟು ವರ್ಷದ ರಿಯಾಯಿತಿ ಪೂರ್ತಿ ಹೋಗಿ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತಿತ್ತು. ಅವನನ್ನು ಉಳಿಸಿದ್ದು ಜಾಣತನವಲ್ಲ, ಸೋಮಾರಿತನ.

ಈಗ ಮುತ್ತು ಬಾಯಿ ಬಿಟ್ಟ.

"ಅಕ್ಕಾ, ಅರ್ಧಾ ರಿಯಾಯಿತಿ ಈ ಗಾಡಿಗೆ ಬಂದದ್ದಲ್ಲೇನು? ಗಾಡಿ ಜೋಡಿ ನನಗ ಬರಬೇಕಲ್ಲ?"

"ಗಾಡಿಗೆ ಬಂದದ್ದಲ್ಲ. ಕಾಕಾಗ ಬಂದದ್ದು. ಅವರು ಹೊಸಾ ಗಾಡಿ ತಂದ್ರ ಅದಕ್ಕ ಹೋಗತೈತಿ."

ಗುರುಶಿದ್ದಪ್ಪ ಇದನ್ನು ಒಪ್ಪಲಿಲ್ಲ. ಗಾಡಿ ಮಾರಿದರೆ ಗಾಡಿಯದೆಲ್ಲ ಹೋಗಬೇಕು ಎಂದು ವಾದಿಸಿದ. ಉತ್ತರ ಕೊಟ್ಟವಳು ದೇವಕ್ಕ.

"ಕೂರಿಗಿ ಮಾರಿದ್ರ, ಬಿತ್ತೋ ಕೈನೂ ಕಡದು ಕಳಸ್ತೀರೇನು?"

ಅವನು ಎಲೆ ಅಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡ.

ಮುತ್ತುವಿಗೆ ಇನ್ನೊಂದು ಸಂಶಯ ಇತ್ತು. ತಾನು ಚೆನ್ನಾಗಿಯೇ ಗಾಡಿ ಹೊಡೆಯುತ್ತೇನೆ, ಅದು ಕಂಪನಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದ. ಗೊತ್ತಾಗುವುದಿಲ್ಲ ಅಂದಳು ಸುಮಲತಾ. "ನೀ ತೋರಸಬೇಕು. ಬಾಯಿಲೆ ಅಲ್ಲ. ಒಂದೊಂದ ವರ್ಷ ಸುಮ್ಮನ ದಾಟಿಸಿ ತೋರಸಬೇಕು."

ಆಗ ಗುರುಶಿದ್ದಪ್ಪನಿಗೆ ಉಪಾಯ ಹೊಳೆಯಿತು. ಗಾಡಿ ತನ್ನ ಹೆಸರಲ್ಲೇ ಇರಲಿ. ವಿಮೆ ಅರ್ಧ ದರದಲ್ಲಿ ಸಾಗಲಿ. ಹುಡುಗ ಗಾಡಿ ಹೊಡೆಯಲಿ. ಅನುಭವ ತನ್ನದು, ದುಡಿಮೆ ಅವನದು.

ಸುಮಲತಾ ಹಾಗೆ ಮಾಡಬಾರದು ಎನ್ನಲಿಲ್ಲ. ಲೈಸೆನ್ಸ್ ಇರುವ ಮನೆಯವರು ಗಾಡಿ ಹೊಡೆದರೆ ತಪ್ಪಿಲ್ಲ. ಆದರೆ ಮುತ್ತು ಎಷ್ಟು ವರ್ಷ ಎಚ್ಚರದಿಂದ ಹೊಡೆದರೂ ಆ ವರ್ಷಗಳು ದೊಡ್ಡಪ್ಪನ ಹೆಸರಿಗೇ ಜಮೆಯಾಗುತ್ತವೆ. ನಾಳೆ ಅವನು ಸ್ವಂತ ಗಾಡಿ ತೆಗೆದುಕೊಂಡಾಗ ಮತ್ತೆ ಸೊನ್ನೆ. ಇನ್ನೊಂದು ವಿಷಯವೂ ಇತ್ತು. ವಿಮೆಯ ಜೊತೆ ಮಾಲೀಕನ ಜೀವಕ್ಕೂ ಒಂದು ರಕ್ಷಣೆ ಇರುತ್ತದೆ. ಅದು ಮಾಲೀಕನಿಗೆ ಮಾತ್ರ. ದಿನವೂ ರಸ್ತೆಯ ಮೇಲೆ ಇರುವವನು ಮುತ್ತು, ರಕ್ಷಣೆ ಮಾತ್ರ ಕಟ್ಟೆಯ ಮೇಲೆ ಕೂತ ದೊಡ್ಡಪ್ಪನಿಗೆ.

"ಅದೂ ಮಾಲೀಕನ ಲೈಸೆನ್ಸ್ ಚಾಲ್ತಿ ಇದ್ರ ಮಾತ್ರ," ಅಂದಳು. "ಕಾಕಾ, ನಿಮ್ಮದು ತೋರಸ್ರಿ."

ಗುರುಶಿದ್ದಪ್ಪ ಠೀವಿಯಿಂದ ಒಳಗೆ ಹೋಗಿ ಲೈಸೆನ್ಸ್ ತಂದ. ಹದಿನಾರು ವರ್ಷದಿಂದ ಗಾಡಿ ಹೊಡೆಯುತ್ತಿದ್ದೇನೆ, ಒಂದು ಆಡಿಗೂ ತಾಗಿಸಿಲ್ಲ ಎಂದು ಹೇಳುತ್ತ ಮುತ್ತುವಿನ ಕೈಗೆ ಕೊಟ್ಟ. ಮುತ್ತು ಮುಂದೆ ನೋಡಿದ, ತಿರುಗಿಸಿ ಹಿಂದೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ದೊಡ್ಡಪ್ಪಾ, ಇದು ಮುಗದು ಎರಡು ವರ್ಷ ಆತು."

ಆಗಿನ ನಿಯಮದಂತೆ ಅವನ ಲೈಸೆನ್ಸ್ ನಡೆದದ್ದು ಐವತ್ತು ವರ್ಷ ವಯಸ್ಸು ತುಂಬುವವರೆಗೆ. ಆಮೇಲೆ ವೈದ್ಯರ ಪ್ರಮಾಣಪತ್ರ ಕೊಟ್ಟು ಹೊಸದು ಮಾಡಿಸಬೇಕಿತ್ತು. ಗುರುಶಿದ್ದಪ್ಪನಿಗೆ ಐವತ್ತೆರಡು.

"ಗಾಡಿ ಹೊಡಿಯೋದು ಕೈ ಮರತೈತೇನು?" ಅಂದ ಅವನು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

"ಕೈ ಮರತಿಲ್ಲರಿ. ಆದ್ರ ಕೈ ನೋಡಿ ಕಂಪನಿ ರೊಕ್ಕ ಕೊಡೂದಿಲ್ಲ," ಅಂದಳು ಸುಮಲತಾ.

ಲೈಸೆನ್ಸ್ ಇಲ್ಲದವನು ಹೊಡೆಯುವಾಗ ಗಾಡಿ ಜಖಂ ಆದರೆ ಪರಿಹಾರ ಸಿಗುವುದಿಲ್ಲ. ಯಾರಿಗಾದರೂ ಗಾಯವಾದರೆ, ಸತ್ತರೆ, ಆ ಹಣ ಕೊನೆಗೆ ಮಾಲೀಕನಿಂದಲೇ ವಸೂಲಾಗಬಹುದು. ವಿಮೆ ಕಟ್ಟಿದ್ದೆ ಅಂದರೆ ಮುಗಿಯುವುದಿಲ್ಲ. ಇದನ್ನು ಕೇಳುತ್ತ ಗುರುಶಿದ್ದಪ್ಪನ ಕಣ್ಣು ಬಾಗಿಲ ಪಕ್ಕದ ಮೊಳೆಯ ಕಡೆ ಹೋಯಿತು. ಆ ಚಾವಿ ಯಾರ್ಯಾರ ಕೈಗೆ ಹೋಗಿದೆ ಎಂದು ನೆನಪು ಮಾಡಿಕೊಂಡ. ಅವರಲ್ಲಿ ಒಬ್ಬರನ್ನೂ ಅವನು ಲೈಸೆನ್ಸ್ ಕೇಳಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಫಕೀರೇಶ ಬಂದ. ಅವನ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು, ದನದ ಡಾಕ್ಟರನ್ನು ಕರೆತರಬೇಕಿತ್ತು. ಹೇಳುತ್ತಲೇ ಮೊಳೆಗೆ ಕೈ ಹಾಕಿದ.

"ಫಕೀರೇಶಾ, ಲೈಸೆನ್ಸ್ ಐತೇನು?" ಕೇಳಿದ ಗುರುಶಿದ್ದಪ್ಪ.

ಫಕೀರೇಶ ತಿರುಗಿ ನೋಡಿದ. "ನಿನ್ನ ಮನಿ ಚಾವಿಗೆ ಯಾವಾಗಿಂದ ಲೈಸೆನ್ಸ್ ಹತ್ತಿತೋ?"

ಇಲ್ಲ ಅಂದರೆ ಇಷ್ಟು ವರ್ಷದ ದೊಡ್ಡಸ್ತಿಕೆ ಮಣ್ಣಾಗುತ್ತದೆ ಎಂದು ಗುರುಶಿದ್ದಪ್ಪನಿಗೆ ಗೊತ್ತು. ಎದ್ದ. ತಾನೇ ಕರೆದುಕೊಂಡು ಹೋಗುವ ವಿಚಾರದಲ್ಲಿ ಫಕೀರೇಶನ ಕೈಯಿಂದ ಚಾವಿ ತೆಗೆದುಕೊಂಡ. ಹೊಸ್ತಿಲ ತನಕ ಹೋಗಿ ನಿಂತ.

"ಮುತ್ತು, ನೀ ಹೊಡಿ," ಅಂದ. "ಈ ಮನ್ಯಾಗ ಗಾಡಿ ಮುಟ್ಟಾಕ ಹಕ್ಕು ಇರಾವ ಸದ್ಯಕ್ಕ ನೀ ಒಬ್ಬಾವ."

ಮುತ್ತು ಹೋಗಿ ಡಾಕ್ಟರನ್ನು ಕರೆತಂದ. ಎಮ್ಮೆ, ಕರು ಎರಡೂ ಉಳಿದವು. ಫಕೀರೇಶ ಮಾತ್ರ ಕೆಲವು ದಿನ ಗುರುಶಿದ್ದಪ್ಪನ ಮನೆ ಕಡೆ ಮುಖ ಹಾಕಲಿಲ್ಲ.

ಮರುದಿನ ದೊಡ್ಡಪ್ಪ ಮತ್ತು ಮುತ್ತು ಹುಬ್ಬಳ್ಳಿಗೆ ಹೋದರು. ತನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ಗುರುಶಿದ್ದಪ್ಪ ಮೊದಲ ಸಲ ಕೂತಿದ್ದ. ದಾರಿಯುದ್ದಕ್ಕೂ ಗೇರ್ ಬದಲಿಸು, ಹಾರ್ನ್ ಹೊಡಿ, ಅವನಿಗೆ ದಾರಿ ಬಿಡು ಎಂದು ಹೇಳುತ್ತಲೇ ಹೋದ. ಗಾಡಿಯನ್ನು ಮುತ್ತುವಿನ ಹೆಸರಿಗೆ ಮಾಡಲು ಅರ್ಜಿ ಕೊಟ್ಟರು. ವಿಮೆಯನ್ನು ಪೂರ್ತಿ ದರದಲ್ಲಿ, ಮುತ್ತುವಿನ ಹೆಸರಲ್ಲೇ ಮಾಡಿಸಿದರು. ದೊಡ್ಡಪ್ಪನ ಲೈಸೆನ್ಸಿಗೆ ಕಣ್ಣಿನ ಪರೀಕ್ಷೆಯೂ ಆಯಿತು. ವಾಪಸ್ ಬರುವಾಗ ಅವನು ಸುಮಲತಾಳ ಮನೆ ಮುಂದೆ ಗಾಡಿ ನಿಲ್ಲಿಸಲು ಹೇಳಿದ. ಒಳಗೆ ಹೋಗಿ ಏನು ಹೇಳಿದನೋ ಮುತ್ತುವಿಗೆ ಕೇಳಲಿಲ್ಲ. ದೇವಕ್ಕನಿಗೆ ಮಾತ್ರ ಅದು ಸಂಜೆಗೆ ಮುಂಚೆಯೇ ಫೋನಿನಲ್ಲಿ ತಿಳಿದಿತ್ತು.

ಮೊದಲ ತಾರೀಖಿಗೆ ಮುತ್ತು ಕೆಲಸಕ್ಕೆ ಹೋದ. ಮರುವರ್ಷ ಅವನ ವಿಮೆಯಲ್ಲಿ ಮೊದಲ ರಿಯಾಯಿತಿ ಬಂತು. ಸಣ್ಣದು, ಆದರೆ ಅವನದೇ.

ಮೊಳೆ ಇನ್ನೂ ಅಲ್ಲೇ ಇದೆ. ಈಗ ಅದಕ್ಕೆ ಗುರುಶಿದ್ದಪ್ಪನ ಹೊಸ ಬೈಕಿನ ಚಾವಿ ತೂಗುತ್ತದೆ. ಯಾರು ಬೇಕಾದರೂ ಒಯ್ಯಬಹುದು. ಒಂದೇ ನಿಯಮ: ಮೊದಲು ಲೈಸೆನ್ಸ್ ತೋರಿಸಿ, ಆಮೇಲೆ ಚಾವಿ ತೆಗೆಯಬೇಕು. ಮೊದಲು ತೋರಿಸಿದವನು ಫಕೀರೇಶ. ಅವನೂ ಪರೀಕ್ಷೆಯಲ್ಲಿ ಒಂದು ಸಲ ಎಂಟು ತಪ್ಪಿದ್ದ.

ಈ ಕಥೆಯಲ್ಲಿ ಯಾರ ಕಾಲೂ ಮುರಿಯಲಿಲ್ಲ. ಮುರಿಯುವ ತನಕ ನೀವೂ ಕಾಯಬೇಕಾಗಿಲ್ಲ. ಇದನ್ನು ಓದಿದ ಕೂಡಲೆ ನಿಮ್ಮ ಲೈಸೆನ್ಸ್ ತೆಗೆದು, ಅದು ಯಾವ ತಾರೀಖಿನವರೆಗೆ ನಡೆಯುತ್ತದೆ, ಯಾವ ಗಾಡಿಗೆ ನಡೆಯುತ್ತದೆ ನೋಡಿ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಗೇರ್ ಇರುವ ಬೈಕಿಗೆ ನಡೆಯುವುದಿಲ್ಲ. ಮನೆಯ ಹುಡುಗನಿಗೆ, ಹುಡುಗಿಗೆ ಗಾಡಿ ಕೊಡುವ ಮುಂಚೆ ಲೈಸೆನ್ಸ್ ಕೊಡಿಸಿ, ಗಾಡಿಯನ್ನೂ ವಿಮೆಯನ್ನೂ ಅವರ ಹೆಸರಲ್ಲೇ ಮಾಡಿಸಿ. ಮೊದಲ ವರ್ಷ ಹೆಚ್ಚಾಯಿತು ಅಂತ ಅಡ್ಡದಾರಿ ಹುಡುಕಬೇಡಿ. ಕನ್ನಡಿ ಒಡೆದರೆ ಪರಿಹಾರಕ್ಕೆ ಓಡುವ ಮುಂಚೆ ಎಷ್ಟು ರಿಯಾಯಿತಿ ಹೋಗುತ್ತದೆ ಎಂದು ವಿಚಾರಿಸಿ. ದರ, ನಿಯಮ ಬದಲಾಗುತ್ತಿರುತ್ತವೆ. ವಿಮಾ ಕಚೇರಿಯಲ್ಲಿ ಕೇಳಲು ನಾಚಬೇಡಿ. ಮತ್ತು ನಿಮ್ಮ ಬಾಗಿಲ ಪಕ್ಕದಲ್ಲೂ ಒಂದು ಮೊಳೆ ಇದ್ದರೆ, ಅದರ ಚಾವಿ ಯಾರ ಕೈಗೆ ಹೋಗುತ್ತಿದೆ ಎಂದು ಒಮ್ಮೆ ಎದ್ದು ನೋಡಿ.