ಹುಳುಮನೆಯ ನೇಮ

ಪಾಪಕ್ಕನ ಹುಳುಮನೆಗೆ ಕಾಲಿಡುವುದು ಅಷ್ಟು ಸುಲಭದ ಮಾತಲ್ಲ. ದೇವನಹಳ್ಳಿ ಕಡೆಯ ವಿಜಯಪುರದ ಸುತ್ತಮುತ್ತ ರೇಷ್ಮೆಹುಳು ಸಾಕುವವರು ಬೇಕಾದಷ್ಟು ಜನ ಇದ್ದಾರೆ, ಇವಳಷ್ಟು ಕಟ್ಟುನಿಟ್ಟಿನವರನ್ನು ಮಾತ್ರ ಯಾರೂ ಕಂಡಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಕಾಲು ಅದ್ದಬೇಕು, ಕೈ ತೊಳೆಯಬೇಕು. ಸೊಳ್ಳೆಬತ್ತಿ, ಊದುಬತ್ತಿ ಆ ಕಡೆ ಸುಳಿಯುವ ಹಾಗಿಲ್ಲ. ಸ್ವಂತ ತಮ್ಮ ಘಮಘಮ ಸೆಂಟು ಹಾಕಿಕೊಂಡು ಬಂದನೆಂದು ಅವನನ್ನು ಅಂಗಳದಲ್ಲೇ ಕೂರಿಸಿ, ಕಾಫಿ ಕೊಟ್ಟು ಸಾಗಹಾಕಿದ ಹೆಂಗಸು ಅವಳು.

ಅದೇ ಪಾಪಕ್ಕ ಸಂಜೆಯಾದರೆ ತಾನು ಮಲಗುವ ಕೋಣೆಯ ಕಿಟಕಿ ಬಾಗಿಲು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಸುರಿದು, ಎದುರಿನ ಗೋಡೆ ಕಾಣದ ಹಾಗೆ ಹೊಗೆ ಎಬ್ಬಿಸುತ್ತಿದ್ದಳು. ಮೊಮ್ಮಗಳು ಧನುಶ್ರೀಗೆ ನೆಗಡಿ ಅಲ್ಲವೇ? ಹೊಗೆ ಹಾಕಿದರೆ ಕಟ್ಟಿದ ಮೂಗು ಬಿಡುತ್ತದೆ. ಬಿಡದಿದ್ದರೆ ಮಾರನೆಯ ದಿನ ಇನ್ನೊಂದು ಹಿಡಿ ಹೆಚ್ಚು.

ಧನು ಎದೆಹಾಲು ಬಿಟ್ಟಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು. ಗಂಡ ಪಿಳ್ಳಪ್ಪ ತೀರಿಕೊಂಡ ಮೇಲೆ ಖಾಲಿಯಾಗಿದ್ದ ಆ ಜಾಗವನ್ನು ಮಗು ಕೈಕಾಲು ಚಾಚಿ ತುಂಬಿಕೊಂಡಿತ್ತು. ಬೇಸಿಗೆಯಿರಲಿ, ಮಳೆಗಾಲವಿರಲಿ, ಅದರ ಮೂಗು ಸೋರುವುದು ನಿಲ್ಲುತ್ತಿರಲಿಲ್ಲ. ಬೆಳಗೆದ್ದರೆ ಸಾಲುಸಾಲು ಸೀನು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೊಂದು ಗೆರೆಯೇ ಬಿದ್ದಿತ್ತು, ಕಣ್ಣಿನ ಕೆಳಗೆ ಕಪ್ಪು. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ಪಾಪಕ್ಕ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು. ತಾತನ ಗೊರಕೆ ಹಾಗೇ ಬಂದಿದೆ ಅನ್ನುವುದು ಅವಳ ನಂಬಿಕೆ.

ಎರಡನೇ ಕ್ಲಾಸಿನ ಅನಸೂಯ ಮಿಸ್ ಮನೆಯವರನ್ನು ಕರೆಸಿದ ಮೇಲೆ ಕಥೆ ಬೇರೆಯಾಯಿತು. ಧನು ಪಾಠದ ಮಧ್ಯೆ ನಿದ್ದೆ ಹೋಗುತ್ತಾಳೆ, ಎಬ್ಬಿಸಿದರೆ ಮಂಕಾಗಿ ಕೂತಿರುತ್ತಾಳೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರು. ಸೊಸೆ ಶಶಿರೇಖಾ ಮಗುವನ್ನು ದೇವನಹಳ್ಳಿಗೆ ಕರೆದುಕೊಂಡು ಹೋಗಿ ಬಂದವಳೇ, ಮೂಗಿಗೆ ಹೊಡೆಯುವ ಔಷಧಿಯ ಜೊತೆಗೆ ಇನ್ನೊಂದು ಮಾತನ್ನೂ ತಂದಳು.

"ಅತ್ತೆ, ಇವತ್ತಿಂದ ಧನು ಮಹಡಿ ಮೇಲೆ ನಮ್ ಜೊತೆ ಮಲಗ್ಲಿ."

"ಯಾಕಮ್ಮ? ನನ್ ಹಾಸಿಗೇಲಿ ಹಾವೇನಾರ ಐತಾ?"

"ಹಂಗಲ್ಲ ಅತ್ತೆ. ಅದು ನೆಗಡಿ ಅಲ್ವಂತೆ, ಅಲರ್ಜಿ. ಹೊಗೆ, ಹಳೇ ಹಾಸಿಗೆ ಧೂಳು ಆಗ್ಬರಲ್ವಂತೆ. ರಾತ್ರಿಯೆಲ್ಲಾ ಉಸಿರಿಗೇ ಒದ್ದಾಡಿ ಸರಿಯಾಗ್ ನಿದ್ದೆ ಆಗಲ್ಲ, ಅದಕ್ಕೇ ಹಗಲೊತ್ತು ತೂಕಡಿಸ್ತಾಳೆ ಅಂದ್ರು."

"ನಾನೂ ಇದೇ ಹೊಗೇಲೇ ಬೆಳ್ದೋಳು. ನಿನ್ ಗಂಡನ್ನೂ ಇದೇ ಹೊಗೇಲೇ ಸಾಕಿದ್ದು. ಯಾರಿಗೆ ಏನಾಗೋಯ್ತು?"

ಆ ಗಂಡ, ಅಂದರೆ ಪಾಪಕ್ಕನ ಮಗ ಮುನಿಕೃಷ್ಣ, ತಟ್ಟೆಯಲ್ಲಿದ್ದ ಮುದ್ದೆಯನ್ನು ಬಹಳ ಶ್ರದ್ಧೆಯಿಂದ ಮುರಿಯತೊಡಗಿದ. ತಾಯಿ ಹೆಂಡಿರ ನಡುವೆ ಬಾಯಿ ಹಾಕಬಾರದು ಅನ್ನುವಷ್ಟು ಬುದ್ಧಿ ಅವನಿಗಿತ್ತು.

ಮಗು ಮೇಲೆ ಹೋಯಿತು. ಪಾಪಕ್ಕ ಮಗುವಿಲ್ಲದ ಕೋಣೆಗೂ ಹಟಕ್ಕೆ ಸಾಂಬ್ರಾಣಿ ಹಾಕಿದಳು. ಹಾಸಿಗೆ ವಿಶಾಲವಾಗಿತ್ತು, ನಿದ್ದೆ ಬರಲಿಲ್ಲ. ಸೊಸೆ ಹೇಳಿದ್ದು ಸುಳ್ಳು ಅನ್ನುವುದಕ್ಕಿಂತ, ಮಗು ಅಲ್ಲಿಗೇ ಒಗ್ಗಿಹೋದರೆ ಮತ್ತೆ ತನ್ನ ಪಕ್ಕಕ್ಕೆ ಬರುವುದೇ ಇಲ್ಲವಲ್ಲ ಅನ್ನುವುದು ಅವಳನ್ನು ತಿನ್ನುತ್ತಿತ್ತು. ಆ ಹೆದರಿಕೆಯನ್ನು ಸಿಟ್ಟಿನೊಳಗೆ ಮುಚ್ಚಿಟ್ಟುಕೊಂಡು ಸೊಸೆಯ ಹತ್ತಿರ ಮಾತು ಬಿಟ್ಟಳು.

ಹೀಗಿರುವಾಗ ಹುಳು ಮೂರನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದು ಅದರ ನಿದ್ದೆ, ಸಾಕುವವರ ಬಾಯಲ್ಲಿ ಜ್ವರ. ಆ ಹೊತ್ತಿನಲ್ಲಿ ಪಾಪಕ್ಕ ಗಟ್ಟಿಯಾಗಿ ಕೆಮ್ಮುತ್ತಲೂ ಇರಲಿಲ್ಲ. ಅಂಥದ್ದರಲ್ಲಿ ಪಕ್ಕದ ಹೊಲದ ಮುನಿರಾಜ್, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ನಾಕು ಕೇಳಿಕೊಂಡು ಹೋಗೋಣವೆಂದು, ತುಟಿಯಲ್ಲಿ ಬೀಡಿ ಇಟ್ಟುಕೊಂಡೇ ಹುಳುಮನೆಯ ಬಾಗಿಲಿಗೆ ಬಂದ.

"ಲೇ ಮುನಿರಾಜ, ಬಿಸಾಕೋ ಅದನ್ನ! ಜ್ವರಕ್ಕೆ ಕೂತವೆ ಕಣ್ ಕಾಣಲ್ವಾ?"

"ಬಾಗ್ಲಲ್ಲೇ ಇದೀನಲ್ಲ ಪಾಪಕ್ಕ. ಒಳಗೇನ್ ಬಂದಿಲ್ಲ."

"ಹೊಗೆಗೆ ಬಾಗ್ಲು ಅಂದ್ರೆ ಗೊತ್ತಾಯ್ತದೇನೋ? ನಿದ್ದೆ ಹೊತ್ನಾಗೆ ಹೊಗೆ ತಗಲಿದ್ರೆ ಮೇಲೆದ್ದು ಸೊಪ್ಪು ಮುಟ್ತವಾ? ಮಂಕಾಗಿ ಕೂತ್ಬಿಡ್ತವೆ. ಪಾಪ, ಬಾಯಿಲ್ಲದ ಜೀವ, ಉಸಿರು ಕಟ್ತಾ ಐತೆ ಅಂತ ಹೇಳ್ಕೊಳ್ಳಾಕಾಯ್ತದಾ..."

ಮಾತು ಅಲ್ಲೇ ನಿಂತಿತು. ಮಂಕಾಗಿ ಕೂತಿರುತ್ತಾಳೆ. ಮಿಸ್ ಹೇಳಿದ್ದೂ ಇದೇ ಮಾತಲ್ಲವೇ? ಬೀಡಿ ಆರಿಸಿ ತಪ್ಪಾಯಿತೆಂದು ಕೈಕಟ್ಟಿ ನಿಂತ ಮುನಿರಾಜ್ ಪೂರ್ತಿ ಬೈಗುಳಕ್ಕೆ ಕಾದೇ ಕಾದ. ಪಾಪಕ್ಕ ಚಂದ್ರಿಕೆ ಎಲ್ಲಿವೆಯೆಂದು ಕೈ ತೋರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟೇಹೋದಳು. ಹುಳುವಿಗೆ ಇಷ್ಟೆಲ್ಲ ನೇಮ ಮಾಡಿದ ಕೈ ಮಗುವಿನ ತಲೆದೆಸೆಯಲ್ಲಿ ದಿನಾ ಕೆಂಡ ಇಟ್ಟಿತ್ತಲ್ಲ!

ಮಾರನೆಯ ದಿನ ಅವಳ ಕೋಣೆ ಅಂಗಳಕ್ಕೆ ಬಂತು. ಗಂಟುಗಂಟಾಗಿದ್ದ ಬೂರುಗದ ಹತ್ತಿಯ ಹಾಸಿಗೆ, ದಿಂಬು ಹಿತ್ತಿಲು ಸೇರಿದವು. ಪಿಳ್ಳಪ್ಪನ ಪಂಚೆಗಳನ್ನೂ ಸೇರಿಸಿ ಹೊಲಿದಿದ್ದ ಕೌದಿಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದನ್ನೂ ಹಂಡೆಯ ಕುದಿನೀರಿಗೆ ಹಾಕಿದಳು. ಅದು ನೂಲು ಬಿಟ್ಟು ಚಿಂದಿಯಾಗಿ ಮೇಲೆ ಬಂತು. ಗೋಡೆಗೆ ಸುಣ್ಣ ಬಿತ್ತು, ಅಟ್ಟದ ಮೇಲಿನ ಹಳೇ ಗೋಣಿಚೀಲಗಳು ಹೊರಬಿದ್ದವು, ಕಿಟಕಿಗೆ ಹುಳುಮನೆಯಲ್ಲಿ ಉಳಿದಿದ್ದ ಬಲೆಯನ್ನೇ ಮೊಳೆ ಹೊಡೆಸಿದಳು. ಶಶಿರೇಖಾ ಬಟ್ಟೆ ಒಣಹಾಕುತ್ತಾ ಎಲ್ಲವನ್ನೂ ನೋಡಿದಳು.

ಸಾಂಬ್ರಾಣಿ ನಿಂತಿತು. ಪಾಪಕ್ಕ ಹೊಸ ಚಾಪೆಯ ಮೇಲೆ ಒಬ್ಬಳೇ ಮಲಗಿದಳು. ಮಗುವನ್ನು ಕಳಿಸು ಎಂದು ಕೇಳಲು ನಾಲಿಗೆ ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಗೂಡು ಕಟ್ಟುವ ಕೆಲಸ ಮುಗಿದು, ಗೂಡು ಮಾರಿ ಬಂದ ಮೇಲಿನ ಭಾನುವಾರ. ಊಟವಾದ ಮೇಲೆ ಧನು ಆಡುತ್ತಾ ಆಡುತ್ತಾ ಅಜ್ಜಿಯ ಕೋಣೆಗೆ ನುಗ್ಗಿ, ಗೋಡೆಯನ್ನೊಮ್ಮೆ ಮೂಸಿ, ಚಾಪೆಯ ಮೇಲೆ ತನ್ನ ಹಳೇ ಜಾಗದಲ್ಲಿ ಉರುಳಿಕೊಂಡಳು. ನೋಡುನೋಡುತ್ತಲೇ ನಿದ್ದೆ ಬಂದುಬಿಟ್ಟಿತು. ಪಾಪಕ್ಕ ಪಕ್ಕದಲ್ಲಿ ಕೂತು ಗೊರಕೆಗೆ ಕಾದಳು. ಗೊರಕೆ ಇಲ್ಲ. ಗಾಬರಿಯಿಂದ ಬಗ್ಗಿ ನೋಡಿದರೆ ಮಗುವಿನ ಬಾಯಿ ಮುಚ್ಚಿತ್ತು. ಮೂಗಿನ ಬಳಿ ಬೆರಳು ಹಿಡಿದಳು. ಬೆಚ್ಚಗೆ, ಸದ್ದಿಲ್ಲದೆ, ಉಸಿರು ಬಂದು ಹೋಗುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿಸಿಕೊಂಡು ಈ ಉಸಿರನ್ನು ತಾನು ಒಮ್ಮೆಯೂ ಕಂಡಿರಲಿಲ್ಲ ಎಂದು ಅವಳು ಅತ್ತಳು.

ತಲೆಯೆತ್ತಿದಾಗ ಬಾಗಿಲಲ್ಲಿ ಶಶಿರೇಖಾ ನಿಂತಿದ್ದಳು. ಮಗುವನ್ನು ಎತ್ತಿಕೊಂಡು ಹೋಗಲು ಬಂದಳು ಎಂದುಕೊಂಡು ಪಾಪಕ್ಕ ಸರಿದು ಜಾಗ ಬಿಟ್ಟಳು. ಸೊಸೆಯ ಕೈಯಲ್ಲಿ ಮಹಡಿಯ ಮೇಲಿದ್ದ ಧನುವಿನ ಹೊಸ ದಿಂಬು ಇತ್ತು. ಅದನ್ನು ಮಗುವಿನ ತಲೆಯಡಿ ಮೆಲ್ಲಗೆ ತೂರಿಸಿದಳು.

"ದಿಂಬಿನ ಕವರ್ ವಾರ ವಾರ ಬಿಸಿನೀರಲ್ಲಿ ಒಗೀಬೇಕು ಅತ್ತೆ. ಮರೆತ್ಬಿಟ್ಟೀರ."

"ಹುಳು ಸಾಕ್ದೋಳಿಗೆ ಹೇಳ್ಕೊಡ್ತೀಯೇನೇ?" ಎಂದಳು ಪಾಪಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಮೆತ್ತಗ್ ಮಾತಾಡು. ಮಗು ಮಲ್ಗೈತೆ."